ಉಜ್ಜಿದ ನಂಬರು

ದಾಸನಕೊಪ್ಪದ ಗೊಬ್ಬರದ ವ್ಯಾಪಾರಿಯೊಬ್ಬರು ಮೊನ್ನೆ ಒಂದು ಹಳೆಯ ಸ್ಟೀರಿಯೋ ರಿಸೀವರನ್ನು ಗೋಣಿಚೀಲದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟರು. ರೇಡಿಯೋ, ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ, ಎತ್ತಿದರೆ ಸೊಂಟ ಹಿಡಿಯುವ ಜಪಾನಿನ ಸೆಟ್ಟು. "ಅಪ್ಪನ ಕಾಲದ್ದು ನೋಡ್ರಿ. ಸ್ವಲ್ಪ ಹೊತ್ತು ಚಲೋ ಹಾಡ್ತೈತಿ, ಆಮ್ಯಾಲೆ ಒಂದ ಕಡೆ ಗೊರಗೊರ ಅಂತೈತಿ" ಎಂದರು. ನಾನು ಮುಚ್ಚಳ ತೆಗೆದು, ಜಿರಲೆ ಹಿಕ್ಕೆ ಗುಡಿಸಿ, ಸೀರೀಸ್ ಬಲ್ಬಿಗೆ ಸಿಕ್ಕಿಸಿ ಚಾಲೂ ಮಾಡಿದೆ. ಒಳಗೆ ಶಾರ್ಟ್ ಆಗಿದ್ದರೆ ಸೆಟ್ಟು ಸುಡುವ ಬದಲು ಬಲ್ಬು ಉರಿಯಲಿ ಎಂದು ನಾವು ರಿಪೇರಿಯವರು ಮಾಡಿಕೊಂಡ ವ್ಯವಸ್ಥೆ ಅದು. ಬಲ್ಬು ಮಂದವಾಗಿಯೇ ಇತ್ತು. ಹಾಡು ಬಂತು. ಆಮೇಲೆ ಎಡಗಡೆಯ ದನಿ ಒಡೆಯಿತು, ಅದರ ಬೆನ್ನಿಗೇ ಒಂದು ವಾಸನೆ ಬಂತು.

ಸುಟ್ಟ ರೆಸಿಸ್ಟರಿನ ವಾಸನೆಯಲ್ಲ, ಬೆಸುಗೆಯ ರಾಳದ್ದೂ ಅಲ್ಲ. ಕಿಟಕಿಯ ಸರಳಿಗೆ ಹಚ್ಚಿದ ಕರಿ ಬಣ್ಣ ಬಿಸಿಲಿಗೆ ಕಾದಾಗ ಬರುತ್ತದಲ್ಲ, ಆ ವಾಸನೆ. ಸೆಟ್ಟು ಆರಿಸಿ ಟಾರ್ಚು ಬಿಟ್ಟು ನೋಡಿದೆ. ಸ್ಪೀಕರಿಗೆ ದನಿ ಕಳಿಸುವ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಸಾಲಾಗಿ ಕೂತಿದ್ದವು. ಅವುಗಳ ಮುಖದ ಮೇಲೆ ಬಿಳಿ ಅಕ್ಷರದ ನಂಬರು ಇರಬೇಕಾದ ಜಾಗದಲ್ಲಿ, ನಾಲ್ಕಕ್ಕೂ, ಬೆಂಕಿಕಡ್ಡಿಯ ತುದಿಯಿಂದ ಹಚ್ಚಿದ ಕರಿ ಬಣ್ಣದ ಬೊಟ್ಟು. "ಬಂದ್ರಾ?" ಎಂದೆ, ಬಾಯಿ ಬಿಟ್ಟೇ. ಗೊಬ್ಬರದವರು ತಮ್ಮನ್ನೇ ಕೇಳಿದ್ದೆಂದು ತಿಳಿದು "ಹ್ಞೂಂ ರಿ, ಮುಂಜಾನೆ ಬಸ್ಸಿಗೇ ಬಂದ್ನಿ" ಎಂದರು.

ನಾನು ಕೇಳಿದ್ದು ಎದುರಂಗಡಿಯವರನ್ನು. ಅವರು ಹೋಗಿ ವರ್ಷಗಳಾದವು. ಅವರ ಅಂಗಡಿಯ ಜಾಗದಲ್ಲಿ ಈಗ ಒಬ್ಬ ಹುಡುಗ ಮೊಬೈಲಿನ ಕವರು ಮಾರುತ್ತಾನೆ. ಆದರೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಮನೆಯ ಹಳೇ ಸೆಟ್ಟು ಬಿಚ್ಚಿದರೂ ಅವರು ಒಳಗೆ ಕೂತೇ ಇರುತ್ತಾರೆ. ಪುಣ್ಯಾತ್ಮರಿಗೆ ಸಾವಿಲ್ಲ ಎನ್ನುವುದನ್ನು ಕೇಳಿದ್ದೇನೆ. ಉಳಿದವರಿಗೂ ಇಲ್ಲ ಎಂಬುದು ನನ್ನ ಅನುಭವ.

ಈ ಓಣಿಯಲ್ಲಿ ನಾನು ಅಂಗಡಿ ತೆರೆಯುವುದಕ್ಕೆ ಬಹಳ ಮೊದಲೇ ಅವರದ್ದು ಇತ್ತು. ಹುಬ್ಬಳ್ಳಿಯಲ್ಲಿ ಕೆಲಸ ಕಲಿತು ಬಂದ ನನಗೆ ಬಾಡಿಗೆಗೆ ಸಿಕ್ಕ ಜಾಗ ಅವರ ಬಾಗಿಲಿಗೆ ನೇರ ಎದುರಾದದ್ದು ನನ್ನ ಗ್ರಹಚಾರ. ಬಿಳಿ ಪಂಚೆ, ಅರ್ಧ ತೋಳಿನ ಬನಿಯನ್, ಕಿವಿಯ ಮೇಲೆ ಪೆನ್ಸಿಲ್ಲು. ಬೆನ್ನ ಹಿಂದಿನ ಕಪಾಟಿನಲ್ಲಿ ಅವರದೇ ಸ್ವಂತ ರಿಸೀವರ್ ಒಂದು ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೆ ಸಣ್ಣಗೆ ಹಾಡುತ್ತಿತ್ತು. ಅದರ ಡಯಲಿನ ಹಸಿರು ದೀಪ ನನ್ನ ಮೇಜಿಗೂ ಕಾಣುತ್ತಿತ್ತು. ಅದು ಅವರ ಹೆಂಡತಿ ಇದ್ದಾಗ ಕೊಂಡದ್ದಂತೆ ಎಂದು ಯಾರೋ ಹೇಳಿದ್ದರು. ನಾನು ಬರುವ ಹೊತ್ತಿಗೆ ಆಕೆ ಇರಲಿಲ್ಲ.

ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಇದನ್ನು ಹೇಳಲು ನನಗೆ ಇಷ್ಟವಿಲ್ಲ, ಆದರೆ ಸುಳ್ಳು ಹೇಳಿ ಏನು ಮಾಡಲಿ. ಗುಂಯ್ ಎನ್ನುವ ಸೆಟ್ಟಿನಲ್ಲಿ ಒಣಗಿದ ಕಂಡೆನ್ಸರ್ ಯಾವುದೆಂದು ಬೆರಳು ಇಟ್ಟು ತೋರಿಸುತ್ತಿದ್ದರು. ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುವುದು, ಕಣ್ಣಿಗೆ ಕಾಣದಂತೆ ಬಿರುಕು ಬಿಟ್ಟ ಬೆಸುಗೆ, ತಟ್ಟಿದರೆ ಬಂದು ತಟ್ಟಿದರೆ ಹೋಗುವ ದನಿ, ಎಲ್ಲವೂ ಅವರಿಗೆ ಊಟದ ಮೇಲಿನ ಎಲೆಅಡಿಕೆಯ ಕವಳದಷ್ಟು ಹಗುರ. ಯಲ್ಲಾಪುರದವರು, ಸಿದ್ದಾಪುರದವರು ಬಸ್ಸಿನಲ್ಲಿ ಸೆಟ್ಟನ್ನು ತೊಡೆಯ ಮೇಲೆ ಕೂರಿಸಿಕೊಂಡು ಬರುತ್ತಿದ್ದರು. ಕೋಲಸಿರ್ಸಿಯ ಒಬ್ಬರಂತೂ ಅದಕ್ಕೂ ಒಂದು ಟಿಕೀಟು ತೆಗೆಸಿ ಪಕ್ಕದ ಸೀಟಿನಲ್ಲೇ ಕೂರಿಸಿ ತಂದಿದ್ದರು.

ರಿಪೇರಿ ಮುಗಿದ ಮೇಲೆ ಅವರದ್ದೊಂದು ಕ್ರಮವಿತ್ತು. ತಾವು ಹಾಕಿದ ಟ್ರಾನ್ಸಿಸ್ಟರಿನ ಮುಖವನ್ನು ಉಪ್ಪುಕಾಗದದಿಂದ ಉಜ್ಜಿ ನಂಬರು ಅಳಿಸುವುದು. ಮೇಲೆ ಒಂದು ಬೊಟ್ಟು ಕರಿ ಬಣ್ಣ. ಸ್ಟೀರಿಯೋದಲ್ಲಿ ಎಡಕ್ಕೂ ಬಲಕ್ಕೂ ಒಂದೇ ಥರದ ಜೋಡಿ ಇರುತ್ತದೆ, ಒಂದು ಕಡೆಯದು ಕೆಟ್ಟರೆ ಇನ್ನೊಂದು ಕಡೆಯ ನಂಬರು ಓದಿಕೊಳ್ಳಬಹುದು. ಅದಕ್ಕೇ ಅವರು ಕೆಡದೆ ಸರಿ ಇದ್ದ ಕಡೆಯದನ್ನೂ ಬಿಡದೆ ಉಜ್ಜುತ್ತಿದ್ದರು. ಅಲ್ಲಿಗೆ ಆ ಸೆಟ್ಟು ಜನ್ಮಕ್ಕೆ ಅವರದ್ದಾಯಿತು. ಬೇರೆ ಯಾರು ಬಿಚ್ಚಿದರೂ ಎದುರಿಗೆ ಕರಿ ಬೊಟ್ಟು. ಮೀಟರು ಹಿಡಿದರೆ ಅದರ ಜಾತಿ ತಿಳಿಯುತ್ತದೆ, ಗೋತ್ರ ತಿಳಿಯುವುದಿಲ್ಲ. ಸತ್ತುಹೋಗಿದ್ದರೆ ಜಾತಿಯೂ ತಿಳಿಯುವುದಿಲ್ಲ. ಜಪಾನಿನ ನಕ್ಷೆ ಸಿಕ್ಕರೂ ಉಪಯೋಗವಿರಲಿಲ್ಲ, ಏಕೆಂದರೆ ಮೂಲದ್ದನ್ನು ತೆಗೆದು ತಮಗೆ ಬೇಕಾದ್ದು ಹಾಕಿ, ಸುತ್ತಲಿನ ನಾಲ್ಕು ಸಾಮಾನನ್ನೂ ಅದಕ್ಕೆ ತಕ್ಕಂತೆ ಬದಲಿಸಿರುತ್ತಿದ್ದರು.

ನಾನು ಅಂಗಡಿ ಹಾಕಿದ ಹೊಸತರಲ್ಲಿ ಹೇರೂರಿನವರೊಬ್ಬರ ಸೆಟ್ಟು ಬಂತು. ಕರಿ ಬೊಟ್ಟು ನೋಡಿ ಅಂದಾಜಿನ ಮೇಲೆ ಒಂದು ಜೋಡಿ ಹಾಕಿದೆ. ಹಾಡಿತು, ಮನೆಗೆ ಹೋಯಿತು, ಮನೆಯಲ್ಲಿ ಹೊಗೆ ಬಿಟ್ಟು ಎರಡು ಸ್ಪೀಕರನ್ನೂ ತೆಗೆದುಕೊಂಡು ಹೋಯಿತು. ಅವರು ಸೀದಾ ಎದುರಂಗಡಿಗೆ ಹೋದರು. ಎದುರಂಗಡಿಯವರು ಓಣಿಗೆಲ್ಲ ಕೇಳುವಂತೆ, "ಅಂವಗೆ ಹಾಡಸೂಲೆ ಬತ್ತಿಲ್ಲೆ, ಸುಡೂಲೆ ಬತ್ತು" ಎಂದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮಲ್ಲಿ ಸುಮ್ಮನೆ ಹೇಳುವುದಿಲ್ಲ. ನನ್ನದು ಅಡಿಕೆಗಿಂತಲೂ ಸಣ್ಣ ಕರಿ ಬಿಲ್ಲೆಗೆ ಹೋಯಿತು. ಆಮೇಲೆ ಬಹಳ ಕಾಲ ನನ್ನ ಕಡೆ ಬಂದದ್ದು ಮಿಕ್ಸರು, ಇಸ್ತ್ರಿಪೆಟ್ಟಿಗೆ, ಟಾರ್ಚುಗಳೇ.

ಸಿಟ್ಟು ತಡೆಯಲಾರದೆ ಆ ದಿನ ಓಣಿ ದಾಟಿ ಹೋಗಿ ಕೇಳಿದ್ದೆ. "ನಂಬರ್ ಉಜ್ಜಿದ್ರೆ ಮುಂದಿನವ ರಿಪೇರಿ ಮಾಡದು ಹ್ಯಾಂಗೆ?"

ಅವರು ತಲೆ ಎತ್ತಲಿಲ್ಲ. ಬೆಸುಗೆಯ ಹೊಗೆಯನ್ನು ಊದಿ ಪಕ್ಕಕ್ಕೆ ಸರಿಸಿ, "ಮುಂದಿನವ ಎಂತಕ್ಕೆ ಬೇಕು ತಮಾ? ಆನು ಇದ್ನಲ" ಎಂದರು, ತಾವೊಬ್ಬರಿದ್ದರೆ ಸಾಕೆಂಬಂತೆ. ಅಂಗಡಿಯಲ್ಲಿ ಕೂತಿದ್ದವರು ನಕ್ಕರು. ನಾನು ತಿರುಗಿ ಬಂದೆ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ವ್ಯಾಪಾರದಲ್ಲಿ ಎದುರಿನವ ಎದುರಾಳಿ, ಅದು ಇದ್ದದ್ದೇ. ಆದರೆ ಅವರು ಉಜ್ಜಿದ ಸೆಟ್ಟುಗಳಲ್ಲಿ ಒಂದು ಯಲ್ಲಾಪುರದಲ್ಲಿ ನನ್ನ ಅಕ್ಕನ ಮನೆಯಲ್ಲಿತ್ತು.

ಅಕ್ಕನಿಗೆ ಸಣ್ಣ ವಯಸ್ಸಿನಲ್ಲಿ ಬಂದ ಜ್ವರದಲ್ಲಿ ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಯಲ್ಲಿ ಅಷ್ಟೋ ಇಷ್ಟೋ ಉಳಿದಿತ್ತು, ಅದೂ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂತು. ಹುಬ್ಬಳ್ಳಿಯಿಂದ ಕಿವಿಯ ಮಿಷನ್ ತರಿಸಿದರು. ಅದು ಕುಂಯ್ ಎಂದು ಕೂಗುತ್ತಿತ್ತೇ ಹೊರತು ಮಾತು ಕೇಳಿಸುತ್ತಿರಲಿಲ್ಲ. ಆಗ ದಾರಿ ಕಂಡದ್ದು ಭಾವನಿಗೆ. ಅವರ ಮನೆಯಲ್ಲಿ ಮುಂಬಯಿಯಿಂದ ಬಂದ ಒಂದು ರಿಸೀವರ್ ಇತ್ತು. ಅದಕ್ಕೆ ಮೈಕು ಸಿಕ್ಕಿಸುವ ತೂತೂ ಇತ್ತು, ಹೆಡ್‌ಫೋನಿನದ್ದೂ ಇತ್ತು. ಬ್ಯಾಲೆನ್ಸ್ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಬೇಸ್ ಇಳಿಸಿ, ಟ್ರೆಬಲ್ ಏರಿಸಿ, ಹೆಡ್‌ಫೋನನ್ನು ಅಕ್ಕನ ತಲೆಗೆ ಹಾಕಿ, ಭಾವ ಮೈಕು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾತಾಡಿದರು. ಏನು ಮಾತಾಡಿದರು ಎಂದು ನಾನು ಮುಂದೆಂದೋ ಅಕ್ಕನನ್ನು ಕೇಳಿದ್ದೆ. "ಮಜ್ಜಿಗೆ ಹುಳಿ ಆಜು ಅಂದ" ಎಂದು ನಗಾಡಿದ್ದಳು... ಎಷ್ಟೋ ಕಾಲದ ಮೇಲೆ ಗಂಡನ ದನಿ ಕೇಳಿದ್ದು ಹಾಗೆ.

ಅಲ್ಲಿಂದ ಅದು ಆ ಮನೆಯ ರೂಢಿಯಾಯಿತು. ಊಟದ ಹೊತ್ತಿಗೆ ಅಕ್ಕ ರಿಸೀವರಿನ ಪಕ್ಕ ಮಣೆ ಹಾಕಿ ಕೂರುತ್ತಿದ್ದಳು. ಮೈಕು ಕೈಯಿಂದ ಕೈಗೆ ಹೋಗುತ್ತಿತ್ತು, ಮಗಳು ಶಾಲೆಯ ಸುದ್ದಿ ಹೇಳುತ್ತಿದ್ದಳು, ಭಾವ ಊರಿನದ್ದು. ನಾನು ಹೋದರೆ ನನಗೂ ಒಂದು ಸರದಿ. ಸುಮ್ಮನೆ ಕೆಮ್ಮಿದರೆ "ಮಾತಾಡು ಮಾರಾಯಾ, ಕೆಮ್ಮು ಎಂಗೂ ಬತ್ತು" ಎನ್ನುತ್ತಿದ್ದಳು. ಬಂದವರಿಗೆ ಮೊದಲು ವಿಚಿತ್ರ ಅನ್ನಿಸುತ್ತಿತ್ತು, ಆಮೇಲೆ ಅವರೂ ಮೈಕಿಗೆ ಕೈಚಾಚುತ್ತಿದ್ದರು. ಆ ಸೆಟ್ಟು ಒಮ್ಮೆ ಕೆಟ್ಟಾಗ, ನಾನಿನ್ನೂ ಹುಬ್ಬಳ್ಳಿಯಲ್ಲಿದ್ದ ಕಾಲ, ಭಾವ ಅದನ್ನು ಶಿರಸಿಗೆ ತಂದು ಎದುರಂಗಡಿಯವರ ಹತ್ತಿರ ಮಾಡಿಸಿಕೊಂಡು ಹೋಗಿದ್ದರು. ಚೊಕ್ಕವಾಗಿ ಮಾಡಿಕೊಟ್ಟಿದ್ದರು. ಉಜ್ಜಿಯೂ ಕೊಟ್ಟಿದ್ದರು.

ಒಂದು ಬೇಸಿಗೆಯ ಕೊನೆಯಲ್ಲಿ ಗುಡುಗು ಹೊಡೆದ ಸಂಜೆ ಆ ಸೆಟ್ಟು ನಿಂತುಹೋಯಿತು. ಭಾವ ಮರುದಿನವೇ ಹೊತ್ತು ತಂದರು, ಈ ಸಲ ನನ್ನ ಅಂಗಡಿಗೆ. ಬಿಚ್ಚಿದೆ. ಚಾಲೂ ಮಾಡಿದಾಗ ಟಕ್ ಎನ್ನಬೇಕಾದ ರಿಲೇ ಅನ್ನುತ್ತಿರಲಿಲ್ಲ. ಒಳಗೆ ಕೆಟ್ಟ ಕರೆಂಟು ಹರಿಯುತ್ತಿದ್ದರೆ ಅದು ಹೊರಗೆ ಹೋಗದಂತೆ ಬಾಗಿಲು ಹಾಕುವುದು ರಿಲೇಯ ಕೆಲಸ. ನೋಡಿದರೆ ಎರಡೂ ಕಡೆಯ ಜೋಡಿಗಳು ಸತ್ತಿದ್ದವು, ನಾಲ್ಕರ ಮುಖದ ಮೇಲೂ ಕರಿ ಬೊಟ್ಟು.

ಬೇರೆಯವರ ಸೆಟ್ಟಾಗಿದ್ದರೆ ಇನ್ನೊಮ್ಮೆ ಅಂದಾಜಿಗೆ ಕೈ ಹಾಕುತ್ತಿದ್ದೆನೋ ಏನೋ. ಹೇರೂರಿನ ಸೆಟ್ಟು ಸುಟ್ಟದ್ದು ಸ್ಪೀಕರನ್ನು. ಇಲ್ಲಿ ಸ್ಪೀಕರಿನ ಜಾಗದಲ್ಲಿ ಇದ್ದದ್ದು ಅಕ್ಕನ ಉಳಿದಿದ್ದ ಒಂದೇ ಕಿವಿ.

ಓಣಿ ದಾಟಿ ಹೋದೆ. ಅವರ ಬೆನ್ನ ಹಿಂದೆ ಅವರ ಸೆಟ್ಟು ಎಂದಿನಂತೆ ಹಾಡುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದೆ, ಅಕ್ಕನ ಕಿವಿಯದ್ದು, ಮೈಕಿನದ್ದು, ಎಲ್ಲ. "ನಂಬರ್ ಒಂದು ಹೇಳಿ ಸಾಕು. ಹುಬ್ಬಳ್ಳಿಯಿಂದ ತರಿಸಿ ಆನೇ ಹಾಕ್ತೆ" ಎಂದೆ.

"ನಂಬರ್ ಹೇಳ್ತ್ನಿಲ್ಲೆ" ಎಂದರು. "ಸೆಟ್ ತಗಂಡು ಬಾ. ಆನೇ ಮಾಡಿ ಕೊಡ್ತೆ."

ತೆಗೆದುಕೊಂಡು ಹೋದೆ. ಅಂಗಡಿ ತೆರೆದ ರಿಪೇರಿಯವನೊಬ್ಬ ತನ್ನ ಅಕ್ಕನ ಸೆಟ್ಟನ್ನು ಎದೆಗಪ್ಪಿಕೊಂಡು ಎದುರಂಗಡಿಗೆ ಹೊರುವುದನ್ನು ಓಣಿಯ ಟೇಲರಿನಿಂದ ಹಿಡಿದು ಚಾ ಅಂಗಡಿಯವರೆಗೆ ಎಲ್ಲರೂ ನೋಡಿದರು. ನೋಡಲಿ ಎಂದುಕೊಂಡೆ. ಅವರು ಅದನ್ನು ಬೆಂಚಿನ ಅಡಿಗೆ ತಳ್ಳಿ, "ಇಲ್ಲೇ ಇರ್ಲಿ, ನೋಡನ" ಎಂದರು.

ವಾರ ಕಳೆದು ಕೇಳಿದೆ. "ಪಾರ್ಟ್ ಸಿಕ್ತಾ ಇಲ್ಲೆ" ಎಂದರು. ಮತ್ತೆ ಕೇಳಿದೆ, ಮುಂಬಯಿಗೆ ಹೇಳಿ ಕಳಿಸಿದ್ದೇನೆ ಎಂದರು. ಮಳೆಗಾಲ ಹಿಡಿಯಿತು, ಘಟ್ಟದಲ್ಲಿ ಲಾರಿ ನಿಂತಿದೆ ಎಂದರು. ಆಮೇಲಾಮೇಲೆ ನಾನು ಬಾಗಿಲಲ್ಲಿ ಕಂಡರೆ ಸಾಕು, ಕೇಳುವ ಮೊದಲೇ ಕೈ ಆಡಿಸುತ್ತಿದ್ದರು. ನನ್ನ ಮೇಜಿನಿಂದ ನೋಡಿದರೆ ಮೇಲೆ ಅವರ ಸೆಟ್ಟಿನ ಹಸಿರು ದೀಪ, ಕೆಳಗೆ ಬೆಂಚಿನ ಅಡಿಯ ಕತ್ತಲಲ್ಲಿ ಅಕ್ಕನ ಸೆಟ್ಟಿನ ಒಂದು ಮೂಲೆ ಕಾಣುತ್ತಿತ್ತು.

ನಾನು ಸುಮ್ಮನೆ ಕೂತಿರಲಿಲ್ಲ. ಸಿಗುವ ಸಾಮಾನಿನಿಂದ ಒಂದು ಪುಟ್ಟ ಆಂಪ್ಲಿಫೈಯರ್ ಕಟ್ಟಿ ಯಲ್ಲಾಪುರಕ್ಕೆ ಒಯ್ದೆ. ಅಕ್ಕ ನನ್ನ ಸಮಾಧಾನಕ್ಕೆ ಸ್ವಲ್ಪ ದಿನ ಹಾಕಿಕೊಂಡಳು. ಎಲ್ಲರ ದನಿಯೂ ಡಬ್ಬದೊಳಗಿಂದ ಬಂದಂತೆ, ಯಾರದ್ದು ಯಾರೆಂದು ತಿಳಿಯುವುದಿಲ್ಲ, ತಲೆ ಸಿಡಿಯುತ್ತದೆ ಎಂದಳು. ಟ್ರೆಬಲ್ ಗುಂಡಿ ಸೇರಿಸಿ ಮತ್ತೊಂದು ಕಟ್ಟಿದೆ. ಅದೂ ಅಷ್ಟೇ. ನನ್ನ ಕೈಯಲ್ಲಿ ಅಷ್ಟೇ ಇತ್ತು.

ಮಾತು ಕೇಳದವರು ಮೊದಲು ನಗಲು ಕಲಿಯುತ್ತಾರೆ. ಅಕ್ಕನೂ ಯಾರು ಏನೆಂದರೂ ನಗತೊಡಗಿದಳು, ಸಾವಿನ ಸುದ್ದಿ ಹೇಳಿದರೂ ನಕ್ಕು, ಎದುರಿನವರ ಮುಖ ನೋಡಿ ಗಾಬರಿಯಾಗಿ ನಿಲ್ಲಿಸುತ್ತಿದ್ದಳು. ಆಮೇಲೆ ನಗುವುದನ್ನೂ ಬಿಟ್ಟಳು. ಊಟಕ್ಕೆ ಎಲ್ಲರೊಂದಿಗೆ ಕೂರುವುದನ್ನು ಬಿಟ್ಟು ಹಿಂದಿನ ಜಗಲಿಗೆ ತಟ್ಟೆ ತೆಗೆದುಕೊಂಡು ಹೋಗುತ್ತಿದ್ದಳು. ಒಂದು ಸಲ ನಾನು ಹೋದಾಗ ನನ್ನ ತೋಳು ಹಿಡಿದು, "ತಮಾ, ಇವ ಎಂತ ಹೇಳ್ತ ಗೊತ್ತಾಗ್ತಿಲ್ಲೆ. ಬೈತ್ನ, ಅಲ್ದ ಬೇರೆ ಎಂತಾದ್ರೂ ಹೇಳ್ತ್ನ..." ಎಂದಳು. ಭಾವ ಪಕ್ಕದಲ್ಲೇ ನಿಂತು ಆಕೆಯ ಹೆಸರು ಕರೆಯುತ್ತಿದ್ದರು, ಅಷ್ಟೇ.

ಮಳೆಗಾಲ ಮುಗಿಯುವ ಮೊದಲು ಅಕ್ಕ ಹೋದಳು. ಎದೆಯ ಕಾಯಿಲೆ. ಸೆಟ್ಟಿದ್ದರೆ ಬದುಕುತ್ತಿದ್ದಳು ಎಂದು ನಾನು ಹೇಳುವುದಿಲ್ಲ, ಅಷ್ಟು ಬುದ್ಧಿ ನನಗಿದೆ. ಆದರೆ ಕೊನೆಯ ರಾತ್ರಿ ಭಾವ ಆಕೆಯ ಕಿವಿಗೆ ಬಾಯಿ ಹಚ್ಚಿ ಏನನ್ನೋ ಮತ್ತೆ ಮತ್ತೆ ಹೇಳುತ್ತಿದ್ದರು. ಅಕ್ಕ ಅವರ ತುಟಿಯನ್ನೇ ನೋಡುತ್ತ, ಇಲ್ಲ ಎಂದು ತಲೆಯಾಡಿಸುತ್ತಿದ್ದಳು. ಅದು ಏನೆಂದು ನಾನು ಭಾವನನ್ನು ಯಾವತ್ತೂ ಕೇಳಲಿಲ್ಲ.

ಕ್ರಿಯೆಗಳೆಲ್ಲ ಮುಗಿಸಿ ನಾನು ಶಿರಸಿಗೆ ಬಂದು ಬಾಗಿಲು ತೆಗೆದ ದಿನ ಎದುರಂಗಡಿಯವರು ಸೆಟ್ಟನ್ನು ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟರು. "ಪಾರ್ಟ್ ಬಂತು. ಆಜು, ನೋಡು" ಎಂದರು. ನನ್ನ ಸೂತಕದ ಗಡ್ಡ ನೋಡಿಯೂ ಬೇರೇನೂ ಹೇಳಲಿಲ್ಲ. ಅವರು ಹೋದ ಮೇಲೆ ಚಾಲೂ ಮಾಡಿದೆ. ರಿಲೇ ಟಕ್ ಎಂದಿತು. ಹೆಡ್‌ಫೋನ್ ಹಾಕಿ ಮೈಕಿಗೆ ಊದಿದರೆ ನನ್ನ ಉಸಿರು ನನಗೇ ಅಷ್ಟು ಸ್ಪಷ್ಟವಾಗಿ ಕೇಳಿತು. ಮುಚ್ಚಳ ತೆಗೆದು ನೋಡಿದೆ. ಹೊಸ ಜೋಡಿಗಳ ಮೇಲೂ ಕರಿ ಬೊಟ್ಟು, ಬಣ್ಣ ಇನ್ನೂ ಬೆರಳಿಗೆ ಅಂಟುವಷ್ಟು ಹಸಿ. ಅಂದು ಅವರನ್ನು ನಾನು ಶಪಿಸಿದ್ದನ್ನು ಇಲ್ಲಿ ಬರೆಯುವುದು ಬೇಡ. ಭಾವ ಆ ಸೆಟ್ಟು ಮನೆಗೆ ಬೇಡ ಎಂದರು. ಅದು ನನ್ನ ಕಪಾಟು ಸೇರಿತು.

ಅಲ್ಲಿಂದ ನಾವು ಮಾತಾಡಲಿಲ್ಲ. ಎದುರುಬದುರು ಬಾಗಿಲು, ಬೆಳಿಗ್ಗೆ ಶಟರ್ ಎತ್ತುವಾಗ ಕಣ್ಣು ಸೇರಿದರೂ ಗೋಡೆ ನೋಡಿದಂತೆ ನೋಡುತ್ತಿದ್ದೆ. ಹಾಗೆ ಎಷ್ಟೋ ವರ್ಷ. ಮನಸ್ಸಿನಲ್ಲಿ ಮಾತ್ರ ದಿನಾ ಮಾತಾಡುತ್ತಿದ್ದೆ. ಒಂದಲ್ಲ ಒಂದು ದಿನ ಅವರಿಗೆ ಕೇಳಿಯೇ ಕೇಳಬೇಕು, ಆ ಮುಖ ಏನಾಗುತ್ತದೆ ನೋಡಬೇಕು ಎಂದು ಮಾತನ್ನು ಮಸೆದು ಇಟ್ಟುಕೊಂಡಿದ್ದೆ. ಕಾಲ ಬದಲಾಯಿತು, ಜನ ಸೆಟ್ಟುಗಳನ್ನು ಅಟ್ಟಕ್ಕೆ ಹಾಕಿದರು. ಅವರ ಕೈ ನಡುಗತೊಡಗಿ ಬೆಸುಗೆ ನಿಲ್ಲದಾಯಿತು. ಒಂದು ದಿನ ಅಂಗಡಿಯ ಹೆಸರಿನ ಹಲಗೆ ಇಳಿಯಿತು, ಮೊಬೈಲಿನ ಹುಡುಗ ಬಂದ.

ಮತ್ತೊಂದಿಷ್ಟು ಕಾಲದ ಮೇಲೆ, ಒಂದು ಮಧ್ಯಾಹ್ನ ಆಟೋದಿಂದ ಅವರು ಇಳಿದರು. ಸಣಕಲಾಗಿದ್ದರು. ಆಟೋದವನು ಅವರ ಸೆಟ್ಟನ್ನು, ಬೆನ್ನ ಹಿಂದೆ ಹಾಡುತ್ತಿದ್ದ ಅದೇ ಸೆಟ್ಟನ್ನು, ನನ್ನ ಮೇಜಿಗೆ ಇಟ್ಟು ಹೋದ. ಅವರು ಸ್ಟೂಲಿನ ಮೇಲೆ ಕೂತು ಸುತ್ತ ನೋಡಿ, "ಛಲೋ ಅಂಗಡಿ. ಹೊಸತಾ?" ಎಂದರು. ನಾಟಕವೋ ಎಂದು ಮುಖ ನೋಡಿದೆ. ನಾಟಕವಾಗಿರಲಿಲ್ಲ. ಅವರಿಗೆ ಮರೆವು ಹಿಡಿದಿದೆ ಎಂದು ಓಣಿಯಲ್ಲಿ ಹೇಳುತ್ತಿದ್ದದ್ದು ನಿಜವಾಗಿತ್ತು.

"ಇದು ಹಾಡ್ತಾ ಇದ್ರೆ ಅದು ಒಳಗೆ ಅಡುಗೆಮನೇಲಿ ಇದ್ದ ಹಾಂಗೆ ಆಗ್ತು" ಎಂದರು. ಅದು ಎಂದರೆ ಅವರ ಹೆಂಡತಿ. "ಈಗ ಮನೆ ಬಣ ಬಣ ಅಂತು."

ಬಿಚ್ಚಿದೆ. ರಿಲೇಯ ಬಾಯಿಗೆ ಕಿಲುಬು ಹಿಡಿದಿತ್ತು, ಅಷ್ಟೇ ದೋಷ. ಆದರೆ ನನ್ನ ಕಣ್ಣು ಪಕ್ಕದಲ್ಲಿ ನಿಂತುಬಿಟ್ಟಿತು. ಅದೇ ಆಕಾರದ, ಅದೇ ಕರಿ ಬೊಟ್ಟಿನ ನಾಲ್ಕು ಟ್ರಾನ್ಸಿಸ್ಟರು. ಅವುಗಳ ಸುತ್ತ ಅಕ್ಕನ ಸೆಟ್ಟಿನಲ್ಲಿ ಅವರು ಬದಲಿಸಿದ್ದ ಅದೇ ರೆಸಿಸ್ಟರುಗಳು. ಕಪಾಟಿನಿಂದ ಅಕ್ಕನ ಸೆಟ್ಟು ಇಳಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಮೀಟರು ಹಿಡಿದು ನೋಡಿದೆ. ಆಕಾರ, ಅಳತೆ, ಸುತ್ತಲಿನ ಸಾಮಾನು ಮೂರೂ ಒಂದೇ, ಸಂಶಯವೇ ಇರಲಿಲ್ಲ. ಸಿಕ್ತಾ ಇಲ್ಲೆ ಎಂದ ಪಾರ್ಟು ಆ ಇಡೀ ಮಳೆಗಾಲ ಅವರ ಬೆನ್ನ ಹಿಂದೆ, ನನ್ನ ಕಣ್ಣೆದುರು, ಹಾಡುತ್ತ ಕೂತಿತ್ತು. ಅದನ್ನು ಕಿತ್ತು ಅಕ್ಕನ ಸೆಟ್ಟಿಗೆ ಹಾಕಬಹುದಿತ್ತು. ಮುಂಬಯಿಯಿಂದ ಬಂದದ್ದನ್ನು ಆಮೇಲೆ ಇದಕ್ಕೆ ಹಾಕಿಕೊಳ್ಳಬಹುದಿತ್ತು.

ಅಷ್ಟರಲ್ಲಿ ಅವರೇ ಬಗ್ಗಿ ಒಳಗೆ ನೋಡಿದರು. ಹಳೇ ಅಭ್ಯಾಸ, ಕೈ ತಾನಾಗಿ ಟಾರ್ಚಿಗೆ ಹೋಯಿತು. ಕರಿ ಬೊಟ್ಟು ಕಂಡು ಹುಬ್ಬು ಗಂಟಾಯಿತು. "ಥೋ! ಯಾವ ಹಾಳಾದವ ಇದನ್ನ ಉಜ್ಜಿಟ್ಟಿದ್ದ?"

"ನೀವೇ" ಎಂದೆ. ವರ್ಷಗಟ್ಟಲೆ ಮಸೆದಿಟ್ಟ ಮಾತಿನಲ್ಲಿ ಹೊರಗೆ ಬಂದದ್ದು ಅಷ್ಟೇ.

ಅವರು ನಕ್ಕರು. ಮಕ್ಕಳು ತಮಾಷೆ ಮಾಡಿದಾಗ ನಗುವ ಹಾಗೆ. "ಆನಾ? ಆನು ಎಂತಕ್ಕೆ ಉಜ್ಜಲಿ? ನಂಬರ್ ಉಜ್ಜಿದ್ರೆ ಮುಂದಿನವ ರಿಪೇರಿ ಮಾಡದು ಹ್ಯಾಂಗೆ?"

ಬೈಯಬೇಕಾದ ಮನುಷ್ಯ ಎದ್ದು ಹೋಗಿ, ಅವನ ಪಂಚೆ ಉಟ್ಟ ಬೇರೆ ಯಾರೋ ನನ್ನ ಸ್ಟೂಲಿನ ಮೇಲೆ ಕೂತಿದ್ದರು. ಅವರು ಹಾಗೆ ಮರೆತದ್ದಕ್ಕೆ ನನಗೆ ಕನಿಕರ ಬರಲಿಲ್ಲ. ಮೈ ಉರಿಯಿತು. ನನಗೆ ಮಾತ್ರ ಎಲ್ಲ ನೆನಪಿರಬೇಕು, ಅವರಿಗೆ ಇಷ್ಟು ಸಲೀಸಾಗಿ ಬಿಡುಗಡೆಯೇ ಎನ್ನಿಸಿತು. ಕಾಗದದ ಚೂರನ್ನು ರಿಲೇಯ ಬಾಯಿಗೆ ತೂರಿಸಿ ಎಳೆದು ಕಿಲುಬು ತೆಗೆದೆ. ಟಕ್ ಎಂದಿತು, ಹಾಡಿತು. ಅವರು ಕಣ್ಣು ಮುಚ್ಚಿ ಕೇಳಿದರು. "ಒಳ್ಳೆ ಕೈ ನಿಂದು ತಮಾ. ಯಾರ ಹತ್ರ ಕಲ್ತೆ?" ಎಂದರು. ನಾನು ಆಟೋ ಕರೆದೆ.

ಅದೇ ಕೊನೆ. ಮುಂದಿನ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ನಾನು ಹೋಗಲಿಲ್ಲ, ಅಂಗಡಿಯನ್ನೂ ಮುಚ್ಚಲಿಲ್ಲ. ಅವರ ಸೆಟ್ಟನ್ನು ಮನೆಯವರು ಗುಜರಿಗೆ ಹಾಕಿದರಂತೆ...

ಮೊನ್ನೆ ದಾಸನಕೊಪ್ಪದವರು ಇದನ್ನೆಲ್ಲ ತಿಳಿಯದೆ ಸ್ಟೂಲಿನ ಮೇಲೆ ಕೂತು ನನ್ನ ಮುಖ ನೋಡುತ್ತಿದ್ದರು. "ಯಾರ್ರಿ ಹಿಂಗ ಬಣ್ಣ ಬಳದವ್ರು?" ಎಂದರು. ಎದುರಂಗಡಿಯವರು ಎಂದೆ. ಅವರು ತಿರುಗಿ ಮೊಬೈಲಿನ ಹುಡುಗನನ್ನು ದುರುಗುಟ್ಟಿ ನೋಡಿದರು. ಹುಡುಗ ಗಿರಾಕಿ ಎಂದುಕೊಂಡು ಬನ್ನಿ ಬನ್ನಿ ಎಂದು ಕೈ ಬೀಸಿದ.

ಇವರ ಸೆಟ್ಟಿನಲ್ಲಿ ಎಡಗಡೆಯ ಒಂದು ಜೋಡಿಯಲ್ಲಿ ಮಾತ್ರ ಕರೆಂಟು ಸೋರುತ್ತಿದೆ. ಸುತ್ತಲಿನ ರೆಸಿಸ್ಟರು ನೋಡಿದರೆ ಅದು ಅಕ್ಕನ ಸೆಟ್ಟಿನದ್ದೇ ಜಾತಿ, ನಂಬರು ಮಾತ್ರ ಅಂದಾಜು. ಈಗ ಆನ್‌ಲೈನಿನಲ್ಲಿ ತರಿಸಿದರೆ ಅರ್ಧಕ್ಕರ್ಧ ಖೋಟಾ, ಹಳೇ ಬಿಲ್ಲೆಗೆ ಹೊಸ ನಂಬರು ಹೊಡೆದು ಕಳಿಸುತ್ತಾರೆ. ಇದಕ್ಕೆ ಸರಿಯಾಗಿ ಕೂರುವಂಥ ಅಸಲಿ ಜೋಡಿ ಶಿರಸಿಯಲ್ಲಿ ಒಂದೇ ಕಡೆ ಇದೆ, ನನ್ನ ಕಪಾಟಿನಲ್ಲಿ, ಅಕ್ಕನ ಸೆಟ್ಟಿನೊಳಗೆ. ಅವರೇ ಹಾಕಿ ಅವರೇ ಉಜ್ಜಿದ್ದು. ಅದನ್ನು ವಾರಕ್ಕೊಮ್ಮೆ ಚಾಲೂ ಮಾಡುತ್ತೇನೆ, ಇಲ್ಲವಾದರೆ ಕಂಡೆನ್ಸರುಗಳು ಸಾಯುತ್ತವೆ. ಬ್ಯಾಲೆನ್ಸ್ ಗುಂಡಿ ಪೂರ್ತಿ ಎಡಕ್ಕೇ ಇದೆ. ಮೈಕಿನಲ್ಲಿ ಯಾರೂ ಮಾತಾಡುವುದಿಲ್ಲ. ಆ ಜೋಡಿ ತೆಗೆದು ಇವರ ಸೆಟ್ಟಿಗೆ ಹಾಕಲು ಒಂದು ಚಾ ಕುಡಿಯುವಷ್ಟು ಹೊತ್ತು ಸಾಕು.

ಗೊಬ್ಬರದವರ ಕಣ್ಣು ಕಪಾಟಿಗೆ ಹೋಯಿತು. "ಅಲ್ಲಿರೂದು ಇದರಂಥದ್ದ ಐತಲ್ರಿ? ಅದರಾಗಿಂದು ತಗದು ಹಾಕಾಕ ಬರೂದಿಲ್ಲೇನ್ರಿ?"

ನಾನು ಅವರ ಸೆಟ್ಟನ್ನು ನಿಧಾನವಾಗಿ ಬೆಂಚಿನ ಅಡಿಗೆ ತಳ್ಳಿದೆ.

"ಪಾರ್ಟ್ ಸಿಗ್ತಾ ಇಲ್ಲ. ಇಲ್ಲೇ ಇರಲಿ, ನೋಡೋಣ."